ಬಂಡೆ ಬಿರುಕಿನ ಬಂಧುತ್ವ: ಜರೀಗಿಡಗಳ ವರ್ಗೀಕರಣ ಮತ್ತು ವಂಶಸಂಬಂಧ



ಜರೀಗಿಡವೆಂದೊಡನೆ ಕನ್ನಡ ನಾಡಿನಲ್ಲಿ ಎಲ್ಲರ ಮನಸ್ಸೂ ಮಲೆನಾಡಿಗೆ ಓಡುತ್ತದೆ. ಆಗುಂಬೆಯ ಹಳ್ಳದ ಬದಿ, ಕುದುರೆಮುಖದ ಶೋಲಾ ಕಾಡು, ಕೊಡಗಿನ ಕಾಫಿ ತೋಟದ ನೆರಳು, ಅಲ್ಲಿ ಆಳೆತ್ತರ ಮೀರಿ ಬೆಳೆದ ಸಯಾಥಿಯ ಎಂಬ ಮರಜರಿ. ಆ ಚಿತ್ರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ ಸೀಮೆಯಂಥ ಒಣನೆಲದಲ್ಲೂ ಜರೀಗಿಡಕ್ಕೆ ತನ್ನದೇ ನೆಲೆಗಳಿವೆ. ಕಣಶಿಲೆಯ ಗುಡ್ಡದ ಬಿರುಕು, ಹಳೆಯ ಕೋಟೆಗೋಡೆಯ ಗಚ್ಚು, ಮೆಟ್ಟಿಲುಬಾವಿಯ ಒಳಮೈ, ಸುಣ್ಣಕಲ್ಲಿನಿಂದ ಒಸರುವ ನೀರಿನ ಜಾಗ, ನಾರಾಯಣಪುರದ ಕಾಲುವೆ ಬಂದ ಮೇಲೆ ಹಬ್ಬಿದ ಭತ್ತದ ಗದ್ದೆ, ಇವೆಲ್ಲ ಅಂಥ ನೆಲೆಗಳೇ.

ಈ ಒಣನೆಲದ ಜರೀಗಿಡಗಳು ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಬೇಸಿಗೆಯಲ್ಲಿ ಅವು ಮುದುಡಿ ಕಂದುಬಣ್ಣಕ್ಕೆ ತಿರುಗಿ, ಸತ್ತ ಹುಲ್ಲಿನಂತೆ ಕಲ್ಲಿಗೆ ಅಂಟಿಕೊಂಡಿರುತ್ತವೆ. ಮೃಗಶಿರಾ, ಆರಿದ್ರಾ ಮಳೆ ಬಿದ್ದು ಒಂದೆರಡು ದಿನಗಳಾಗುವಷ್ಟರಲ್ಲಿ ಅವೇ ಎಲೆಗಳು ಬಿಚ್ಚಿ ಹಸಿರಾಗುತ್ತವೆ. ಜರೀಗಿಡಗಳ ವರ್ಗೀಕರಣದಲ್ಲಿ ವಿದ್ವಾಂಸರನ್ನು ಬಹುಕಾಲ ಕಾಡಿದ, ಇಂದಿಗೂ ಪೂರ್ತಿ ಬಗೆಹರಿಯದ ಪ್ರಶ್ನೆಗಳಲ್ಲಿ ಹಲವು ಇಂಥ ಒಣ ಬಂಡೆಯ ಗಿಡಗಳಿಗೆ ಸಂಬಂಧಿಸಿದವು. ಈ ಉಪನ್ಯಾಸದ ವಾದ ಇಷ್ಟು: ವರ್ಗೀಕರಣವೆಂದರೆ ಹೆಸರುಗಳ ಪಟ್ಟಿಯಲ್ಲ, ಅದು ಹುಟ್ಟುಮೂಲದ ಬಗೆಗಿನ ಹೇಳಿಕೆ. ಹೇಳಿಕೆಯಾದ್ದರಿಂದ ಅದು ಸರಿಯೂ ಆಗಬಹುದು, ತಪ್ಪೂ ಆಗಬಹುದು. ಸರಿಯಾದಾಗ ಉಪಕಾರವಿದೆ, ತಪ್ಪಿದಾಗ ನಷ್ಟವಿದೆ.

ಈ ಭಾಗದ ಹಳ್ಳಿಗಳಿಗೆ ಹೆಳವರು ಬರುವುದು ಸಭಿಕರಿಗೆ ಗೊತ್ತಿರುವ ಸಂಗತಿ. ಎತ್ತಿನ ಸಮೇತ ಮನೆಬಾಗಿಲಿಗೆ ಬಂದು, ಆ ಮನೆತನದ ಮೂಲಪುರುಷ ಯಾರು, ಎಲ್ಲಿಂದ ಬಂದ, ಅವನ ಮಕ್ಕಳಲ್ಲಿ ಯಾರು ಯಾವ ಊರಿಗೆ ಹೋದರು ಎಂದು ಹೆಳವರು ಒಪ್ಪಿಸುತ್ತಾರೆ. ಅಣ್ಣ ಎತ್ತರ, ತಮ್ಮ ಗಿಡ್ಡ ಎಂಬುದು ಅವರ ಲೆಕ್ಕಕ್ಕೆ ಬಾರದು. ಬೇರೆ ಬೇರೆ ಮನೆತನದ ಇಬ್ಬರ ಮೂಗು ಒಂದೇ ತೆರನಾಗಿದ್ದರೂ ಅವರನ್ನು ಒಂದೇ ಬಳ್ಳಿಗೆ ಸೇರಿಸುವುದಿಲ್ಲ. ಯಾರು ಯಾರಿಗೆ ಹುಟ್ಟಿದರು ಎಂಬುದೊಂದೇ ಅಲ್ಲಿ ಪ್ರಮಾಣ. ಜರೀಗಿಡಗಳ ವಿಜ್ಞಾನ ಈ ನಿಲುವಿಗೆ ಬಂದು ಮುಟ್ಟಲು ಇನ್ನೂರೈವತ್ತು ವರ್ಷ ತೆಗೆದುಕೊಂಡಿತು.

ಅದಕ್ಕೆ ಕಾರಣವೂ ಇದೆ. ಹೂಬಿಡುವ ಗಿಡಗಳಲ್ಲಿ ದಳ, ಕೇಸರ, ಕಾಯಿ, ಬೀಜ ಎಂದು ಹೋಲಿಸಿ ನೋಡಲು ಹತ್ತಾರು ಅಂಗಗಳಿವೆ. ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆಯ ಬೆನ್ನಿನಲ್ಲಿ ಚುಕ್ಕೆಗಳಂತೆಯೋ ಗೆರೆಗಳಂತೆಯೋ ಬೀಜಕಚೀಲಗಳ ಗುಂಪುಗಳಿರುತ್ತವೆ, ಅವುಗಳಿಂದ ಧೂಳಿನಷ್ಟು ನವಿರಾದ ಬೀಜಕಗಳು ಸಿಡಿಯುತ್ತವೆ. ಲಿನ್ನೇಯಸ್ 1753ರಲ್ಲಿ ಇವನ್ನೆಲ್ಲ ‘ಗುಪ್ತವಿವಾಹ’ದ ಸಸ್ಯಗಳ ವರ್ಗದಲ್ಲಿ, ಪಾಚಿ ಮತ್ತು ಅಣಬೆಗಳ ಜೊತೆಗೆ ಇಟ್ಟರು. ಆ ಚುಕ್ಕೆಗಳು ಎಲೆಯ ಯಾವ ಭಾಗದಲ್ಲಿವೆ ಎಂಬುದಷ್ಟೇ ಅವರ ಅಳತೆಗೋಲು. 1793ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಚುಕ್ಕೆಗಳನ್ನು ಮುಚ್ಚುವ ತೆಳುಹೊದಿಕೆಯನ್ನೂ ಲೆಕ್ಕಕ್ಕೆ ತಂದರು. 1836ರಲ್ಲಿ ಪ್ರಾಗ್ ನಗರದ ಕಾರೆಲ್ ಪ್ರೆಸ್ಲ್ ಎಲೆಯ ನರಗಳ ಹೆಣಿಗೆ ಮುಖ್ಯವೆಂದರು. ಇಂಗ್ಲೆಂಡಿನ ಕ್ಯೂ ಉದ್ಯಾನದ ಹೂಕರ್ ಮತ್ತು ಬೇಕರ್ ನರಗಳಿಗೆ ಅಷ್ಟು ಬೆಲೆ ಕೊಡದೆ ಮತ್ತೆ ಚುಕ್ಕೆ ಮತ್ತು ಹೊದಿಕೆಗಳಿಗೆ ಮರಳಿದರು. ಹೀಗೆ ಒಂದೊಂದು ಲಕ್ಷಣವನ್ನೇ ಹಿಡಿದು ವಿಂಗಡಿಸಿದ್ದರಿಂದ ‘ಪಾಲಿಪೋಡಿಯಂ’ ಎಂಬ ಒಂದೇ ಜಾತಿಯೊಳಗೆ ಸಂಬಂಧವೇ ಇಲ್ಲದ ನೂರಾರು ಪ್ರಭೇದಗಳು ತುಂಬಿಕೊಂಡವು.

ದಕ್ಷಿಣ ಭಾರತದ ಜರೀಗಿಡಗಳ ಮೊದಲ ದೊಡ್ಡ ಗ್ರಂಥಗಳು ಹೊರಬಂದದ್ದು ಇದೇ ಕಾಲದಲ್ಲಿ. ಮದ್ರಾಸ್ ಪ್ರಾಂತದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ಸೇನಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ 1863–64ರಲ್ಲಿ ದಕ್ಷಿಣ ಭಾರತದ ಜರೀಗಿಡಗಳನ್ನು ಚಿತ್ರಸಹಿತ ಪ್ರಕಟಿಸಿದರು. 1883ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸಂಬಂಧಿಸಿದ ಅವರ ಕೈಪಿಡಿ ಬಂತು. ಆ ಚಿತ್ರಗಳ ನಿಖರತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಅವರ ಕಾರ್ಯಕ್ಷೇತ್ರ ನೀಲಗಿರಿ, ಆನೆಮಲೆ, ಮಲಬಾರ್, ದಕ್ಷಿಣ ಕನ್ನಡದ ಕಾಡುಗಳು. 1858ರ ಬಂಡಾಯದ ಬಳಿಕ ನಿಜಾಮರಿಗೆ ಸೇರಿದ ಸುರಪುರ ಸೀಮೆ ಆ ಇಲಾಖೆಯ ಗಡಿಗೆ ಹೊರಗಿತ್ತು. ಮಳೆಕಾಡಿನ ಗಿಡಗಳಿಗೆ ಮೊದಲು ಸಿಕ್ಕ ಗಮನ ಒಣಬಂಡೆಯ ಗಿಡಗಳಿಗೆ ಸಿಗಲಿಲ್ಲ. ಈ ಅಸಮತೋಲನ ಮುಂದೆಯೂ ಉಳಿಯಿತು. 1992ರಲ್ಲಿ ಮಾಣಿಕ್ಕಂ ಮತ್ತು ಇರುದಯರಾಜ್ ಅವರು ತಂದ ಮಹತ್ವದ ಗ್ರಂಥದ ಕ್ಷೇತ್ರವೂ ಪಶ್ಚಿಮಘಟ್ಟವೇ.

ಡಾರ್ವಿನ್ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಯಾವುದು ಯಾವುದರಂತಿದೆ ಎಂದು ಕೇಳುವುದರ ಬದಲು ಯಾವುದು ಯಾವುದರಿಂದ ಬಂತು ಎಂದು ಕೇಳತೊಡಗಿದರು. ಅದಕ್ಕೂ ಮುಂಚೆ, 1851ರಲ್ಲೇ, ಜರ್ಮನಿಯ ಹಾಫ್‌ಮೈಸ್ಟರ್ ಒಂದು ದೊಡ್ಡ ಸತ್ಯ ತೋರಿಸಿದ್ದರು. ಜರೀಗಿಡಕ್ಕೆ ಎರಡು ಬಾಳುಗಳಿವೆ. ಬೀಜಕ ಮೊಳೆತು ಉಗುರಿನಷ್ಟು ಅಗಲದ ಹಸಿರು ಹಾಳೆಯಾಗುತ್ತದೆ. ಅದರ ಹೆಸರು ಪ್ರೋಥಾಲಸ್. ಗಂಡು ಹೆಣ್ಣು ಕಣಗಳು ಹುಟ್ಟುವುದು ಅದರಲ್ಲಿ. ಗಂಡುಕಣ ನೀರಿನ ಪದರದಲ್ಲಿ ಈಜಿ ಹೆಣ್ಣುಕಣವನ್ನು ಸೇರಿದಾಗ ಮಾತ್ರ ನಾವು ಗುರುತಿಸುವ ಎಲೆಯ ಗಿಡ ಹುಟ್ಟುತ್ತದೆ. ನೀರಿಲ್ಲದ ನೆಲದಲ್ಲಿ ಈ ಹಂತ ಹೇಗೆ ಸಾಗುತ್ತದೆ ಎಂಬ ಪ್ರಶ್ನೆಗೆ ಈ ಉಪನ್ಯಾಸ ಕೊನೆಯಲ್ಲಿ ಬರುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಾಲ್ಕು ದೊಡ್ಡ ಪ್ರಯತ್ನಗಳಾದವು. ಫ್ರೆಡರಿಕ್ ಬೋವರ್ 1923ರಿಂದ 1928ರವರೆಗೆ ಮೂರು ಸಂಪುಟಗಳಲ್ಲಿ ಬೀಜಕಚೀಲದ ರಚನೆ, ಕಾಂಡದ ಒಳನಾಳ, ಪಳೆಯುಳಿಕೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ಚೀನಾದ ಚಿಂಗ್ ರೆನ್‌ಚಾಂಗ್ 1940ರಲ್ಲಿ ಆ ಬೃಹತ್ ಪಾಲಿಪೋಡಿಯೇಸೀ ಕುಟುಂಬವನ್ನು 33 ಕುಟುಂಬಗಳಾಗಿ ಒಡೆದರು. ಸಿಂಗಪುರದ ಹಾಲ್ಟಮ್ ಮತ್ತು ಅಮೆರಿಕದ ಕೋಪ್‌ಲ್ಯಾಂಡ್ 1947ರಲ್ಲಿ ತಮ್ಮ ತಮ್ಮ ಪದ್ಧತಿಗಳನ್ನು ಮುಂದಿಟ್ಟರು. ನಾಲ್ವರಲ್ಲಿ ಚಿಂಗ್ ಅವರ ಧೈರ್ಯ ದೊಡ್ಡದೆಂದೇ ಹೇಳಬೇಕು. ಅವರು ಒಡೆದ ಬಗೆಯಲ್ಲಿ ಬಹುಪಾಲು ಮುಂದೆ ಸರಿಯೆಂದು ಸಿದ್ಧವಾಯಿತು. ಆದರೂ ನಾಲ್ವರ ಪಟ್ಟಿಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಯಾವ ಲಕ್ಷಣ ಹುಟ್ಟಿನಿಂದ ಬಂದದ್ದು, ಯಾವುದು ಪರಿಸರದ ಒತ್ತಡಕ್ಕೆ ಬೇರೆ ಬೇರೆ ಬಳ್ಳಿಗಳಲ್ಲಿ ಪ್ರತ್ಯೇಕವಾಗಿ ಮೂಡಿದ್ದು ಎಂದು ತೀರ್ಮಾನಿಸಲು ಆಗ ಸ್ವತಂತ್ರ ಸಾಕ್ಷಿ ಇರಲಿಲ್ಲ.

ಆ ಸಾಕ್ಷಿ ಎಲೆಯ ಹಸಿರಿನೊಳಗೇ ಇತ್ತು. ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್, ತನ್ನದೇ ಡಿಎನ್‌ಎ ಹೊಂದಿದೆ. 1992ರಲ್ಲಿ ರಾಬೆಸನ್ ಮತ್ತು ಜಾನ್ಸೆನ್ ಎಂಬ ಸಂಶೋಧಕರು ಆ ಡಿಎನ್‌ಎಯ ಸುಮಾರು 30,000 ಅಕ್ಷರಗಳ ಒಂದು ತುಂಡು ಗೋಧಿ, ಮಾವು, ಸಯಾಥಿಯ, ಕುದುರೆಬಾಲ ಎಲ್ಲದರಲ್ಲೂ ಹಿಂದುಮುಂದಾಗಿ ತಿರುಗಿದೆ ಎಂದು ತೋರಿಸಿದರು. ಲೈಕೋಪೋಡಿಯಂ, ಸೆಲಾಜಿನೆಲ್ಲ, ಐಸೋಯ್ಟಿಸ್ ಎಂಬ ಮೂರು ಗುಂಪುಗಳಲ್ಲಿ ಮಾತ್ರ ಅದು ಪಾಚಿಸಸ್ಯಗಳಲ್ಲಿರುವ ಹಳೆಯ ಕ್ರಮದಲ್ಲೇ ಉಳಿದಿದೆ. ಇಂಥ ತಿರುವು ಎರಡು ಬಾರಿ ಅದೇ ಜಾಗದಲ್ಲಿ ಆಗುವುದು ಅಸಂಭವ. ಆದ್ದರಿಂದ ನಾಳಸಸ್ಯಗಳ ಮೊದಲ ಕವಲು ಅಲ್ಲಿಯೇ ಒಡೆದಿದೆ, ಸುಮಾರು 40 ಕೋಟಿ ವರ್ಷಗಳಷ್ಟು ಹಿಂದೆ. ಒಂದು ಕವಲಿನಲ್ಲಿ ಆ ಮೂರು ಗುಂಪುಗಳು, ಇನ್ನೊಂದರಲ್ಲಿ ಜರೀಗಿಡಗಳೂ ಬೀಜಸಸ್ಯಗಳೂ. ಜರೀಗಿಡಕ್ಕೆ ಸೆಲಾಜಿನೆಲ್ಲಕ್ಕಿಂತ ಮಾವಿನಮರವೇ ಹತ್ತಿರದ ಬಂಧು.

ಈ ಮಾತು ನಂಬಲು ಕಷ್ಟವಾದರೆ ಸಂಜೀವಿನಿಯೆಂದು ಜಾತ್ರೆಗಳಲ್ಲಿ ಒಣಗಿದ ಮುದ್ದೆಯಾಗಿ ಮಾರುವ ಗಿಡವನ್ನು ನೆನೆಯಬೇಕು. ನೀರಲ್ಲಿಟ್ಟರೆ ಕೆಲವೇ ಗಂಟೆಗಳಲ್ಲಿ ಬಿಚ್ಚಿಕೊಳ್ಳುವ ಆ ಗಿಡ ಸೆಲಾಜಿನೆಲ್ಲ ಬ್ರಯಾಪ್ಟೆರಿಸ್. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ, ಕನ್ನಡ ಓದುಗರಿಗೆ ಕಾದಂಬರಿಕಾರರಾಗಿಯೂ ಪರಿಚಿತರಾದ ಕೆ.ಎನ್. ಗಣೇಶಯ್ಯ ಮತ್ತು ಸಂಗಡಿಗರು 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ರಾಮಾಯಣದ ಸಂಜೀವಿನಿ ಯಾವುದಿರಬಹುದೆಂದು ಪರಿಶೀಲಿಸುವಾಗ ಇದನ್ನು ಮುಖ್ಯ ಉಮೇದುವಾರರಲ್ಲಿ ಒಂದಾಗಿ ಎತ್ತಿಕೊಂಡಿದ್ದರು. ಅದೇ ರೀತಿ ಮುದುಡಿ ಅದೇ ರೀತಿ ಚೇತರಿಸುವ ಬಂಡೆಜರಿಗಳಿಗೂ ಇದಕ್ಕೂ ನಡುವೆ 40 ಕೋಟಿ ವರ್ಷಗಳ ಅಗಲಿಕೆ ಇದೆ. ಒಣಗಿ ಬದುಕುವ ವಿದ್ಯೆಯನ್ನು ಈ ಎರಡು ಬಳ್ಳಿಗಳೂ ಪ್ರತ್ಯೇಕವಾಗಿಯೇ ಬೆಳೆಸಿಕೊಂಡವು.

ಹೊರಹೋದವರಿದ್ದಂತೆ ಒಳಬಂದವರೂ ಇದ್ದಾರೆ. ಕೀಲುಕೀಲಾದ ಕಾಂಡದ ಕುದುರೆಬಾಲವನ್ನು (ಈಕ್ವಿಸೀಟಮ್) ಬೇರೆಯೇ ವರ್ಗವೆಂದು ಪಠ್ಯಪುಸ್ತಕಗಳು ಬಹುಕಾಲ ಕಲಿಸಿದವು. ಬೇರೂ ನಿಜವಾದ ಎಲೆಯೂ ಇಲ್ಲದ ಸೈಲೋಟಮ್ ಅನ್ನು ನೆಲಕ್ಕೆ ಮೊದಲು ಬಂದ ಸಸ್ಯಗಳ ಜೀವಂತ ಉಳಿಕೆಯೆಂದು ಬಗೆದಿದ್ದರು. 2001ರಲ್ಲಿ ಕ್ಯಾಥ್ಲೀನ್ ಪ್ರೈಯರ್ ಮತ್ತು ಸಂಗಡಿಗರು ಹಲವು ಜೀನುಗಳನ್ನು ಒಟ್ಟಿಗೆ ಓದಿ, ಇವೆರಡೂ ಜರೀಗಿಡಗಳ ಮನೆಯೊಳಗಿನವೇ ಎಂದು ಸ್ಥಾಪಿಸಿದರು. ಸೈಲೋಟಮ್ ಹಳೆಯ ಉಳಿಕೆಯಲ್ಲ, ಎಲೆ ಬೇರುಗಳನ್ನು ಕಳೆದುಕೊಂಡು ಸರಳವಾದ ಗಿಡ. ಅದರ ಹತ್ತಿರದ ನೆಂಟ ಓಫಿಯೋಗ್ಲಾಸಮ್. ಮಳೆಗಾಲದ ಹುಲ್ಲುಗಾವಲಿನಲ್ಲಿ ಒಂದೇ ಎಲೆ, ಒಂದು ತೆನೆಯಷ್ಟೇ ಎತ್ತಿ ನಿಲ್ಲುವ ಈ ಪುಟ್ಟ ಗಿಡದ ಬಗ್ಗೆ 1954ರಲ್ಲಿ ತಿರುವನಂತಪುರದ ಅಬ್ರಹಾಂ ಮತ್ತು ನೈನಾನ್ ಬೆಂಗಳೂರಿನಿಂದ ಹೊರಡುವ ಅದೇ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಅದರ ಜೀವಕೋಶದಲ್ಲಿ 1260 ವರ್ಣತಂತುಗಳಿದ್ದವು. ಮುಂದೆ ಅದೇ ಪ್ರಭೇದದಲ್ಲಿ 1440ರವರೆಗೂ ಎಣಿಸಿದ್ದಾರೆ. ಮನುಷ್ಯನಿಗೆ ಇರುವುದು 46. ವರ್ಣತಂತುಗಳ ಗಂಟು ಮತ್ತೆ ಮತ್ತೆ ಇಮ್ಮಡಿಸುವುದು ಜರೀಗಿಡಗಳ ವಿಕಾಸದ ಒಂದು ಮುಖ್ಯ ದಾರಿಯೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎಲೆಯ ಆಕಾರ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಕೃಷ್ಣೆಯ ದಂಡೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದಿನವೂ ಉರಿಯುವ ಕಲ್ಲಿದ್ದಲೇ ಉದಾಹರಣೆ. ಭಾರತದ ಗೊಂಡ್ವಾನಾ ಕಲ್ಲಿದ್ದಲನ್ನು ಬಹುಮಟ್ಟಿಗೆ ಕಟ್ಟಿದ್ದು ಗ್ಲಾಸೋಪ್ಟೆರಿಸ್ ಎಂಬ ಸಸ್ಯ. 1828ರಲ್ಲಿ ಫ್ರಾನ್ಸಿನ ಬ್ರಾಂನ್ಯಾರ್ ಅದರ ಎಲೆಯಚ್ಚುಗಳನ್ನು ನೋಡಿ ಜರೀಗಿಡವೆಂದೇ ವರ್ಣಿಸಿದ್ದರು. 1952ರಲ್ಲಿ ದಕ್ಷಿಣ ಆಫ್ರಿಕಾದ ಎಡ್ನಾ ಪ್ಲಮ್‌ಸ್ಟೆಡ್ ಎಲೆಗೆ ಅಂಟಿಕೊಂಡ ಸಂತಾನಾಂಗಗಳನ್ನು ತೋರಿಸಿದ ಮೇಲೆ ಅದು ಬೀಜಸಸ್ಯಗಳ ಸಾಲಿಗೆ ಸೇರಿತು.

ಈಗ ಮತ್ತೆ ಬಂಡೆಗೆ ಬರೋಣ. ಟೆರಿಡೇಸೀ ಎಂಬ ಒಂದೇ ಕುಟುಂಬ ಸಾಕು, ಕರ್ನಾಟಕದ ಉದ್ದಗಲವನ್ನು ಅದರೊಳಗೇ ಕಾಣಬಹುದು. ಜಗತ್ತಿನ ಜರೀಗಿಡಗಳಲ್ಲಿ ಸುಮಾರು ಹತ್ತರಲ್ಲೊಂದು ಈ ಕುಟುಂಬಕ್ಕೆ ಸೇರಿದೆ. ದಖ್ಖನ್ನಿನ ಬಂಡೆ ಬಿರುಕಿನ ಆಕ್ಟಿನಿಯೋಪ್ಟೆರಿಸ್ ರೇಡಿಯೇಟಾ, ವೈದ್ಯಗ್ರಂಥಗಳು ಮಯೂರಶಿಖೆಯೆನ್ನುವ ಗಿಡಗಳಲ್ಲೊಂದು, ಈ ಕುಟುಂಬದ್ದು. ಅಂಗೈಯೊಳಗೆ ಹಿಡಿಯುವ ಈ ಗಿಡದ ಎಲೆ ಬೀಸಣಿಗೆಯಾಕಾರದಲ್ಲಿ ಕಿರಣಕಿರಣವಾಗಿ ಒಡೆದಿರುತ್ತದೆ. ಇಂಥ ಎಲೆ ಮತ್ತಾವ ಜರೀಗಿಡಕ್ಕೂ ಇಲ್ಲವಾದ್ದರಿಂದ ಇಟಲಿಯ ಪಿಚಿ ಸೆರ್ಮೊಲ್ಲಿ ಅದಕ್ಕೆ ಪ್ರತ್ಯೇಕ ಕುಟುಂಬವನ್ನೇ ಕಟ್ಟಿದರು. ಡಿಎನ್‌ಎ ಹೇಳಿದ ಉತ್ತರ ಬೇರೆ. ಅದರ ಖಾಸಾ ಬಂಧು ಓನಿಕಿಯಂ, ಗಜ್ಜರಿಯ ಸೊಪ್ಪಿನಷ್ಟು ನವಿರಾಗಿ ಸೀಳಿದ ಎಲೆಯ ಗಿಡ. ಒಂದನ್ನು ಇನ್ನೊಂದರ ಪಕ್ಕ ಇಟ್ಟರೆ ಯಾರೂ ಬಂಧುಗಳೆಂದು ಹೇಳಲಾರರು.

ಬಾವಿಯ ಒಳಗೋಡೆಗಳಲ್ಲಿ ಕಪ್ಪು ಮಿರುಗುವ ಕಡ್ಡಿಯ ಮೇಲೆ ತೆಳು ಎಲೆ ತೂಗುವ ಆಡಿಯಾಂಟಮ್ ಇದೇ ಕುಟುಂಬದ್ದು. ಅದರ ಹತ್ತಿರದ ಸಂಬಂಧಿಕರು ಯಾರು? ಪಶ್ಚಿಮಘಟ್ಟದಲ್ಲಿ ಮರದ ಕೊಂಬೆಗಳಿಂದ ಹುಲ್ಲಿನಂತೆ ಜೋತುಬೀಳುವ ರಿಬ್ಬನ್ನಿನಂಥ ವಿಟೇರಿಯಾ ಗುಂಪಿನ ಗಿಡಗಳು. ಇವಕ್ಕೂ ಮೊದಲು ಬೇರೆ ಕುಟುಂಬವಿತ್ತು. ಇನ್ನು ಕರಾವಳಿಯ ಅಳಿವೆಗಳಲ್ಲಿ ಉಪ್ಪುನೀರಿನ ಕಾಂಡ್ಲಾ ಗಿಡಗಳ ನಡುವೆ ಆಳೆತ್ತರ ಬೆಳೆಯುವ ಅಕ್ರೋಸ್ಟಿಕಮ್, ಕೆರೆಯಂಚಿನ ಕೆಸರಿನ ಮೃದು ಗಿಡ ಸೆರಾಟೋಪ್ಟೆರಿಸ್, ಇವೆರಡೂ ಈ ಕುಟುಂಬದೊಳಗೆ ಒಂದೇ ಉಪಕುಟುಂಬ. ಉಪ್ಪುನೀರಿನ ಗಿಡವೂ ಸಿಹಿನೀರಿನ ಗಿಡವೂ ಒಂದೇ ಮನೆಯವು. ಒಣಬಂಡೆ, ಮಳೆಕಾಡಿನ ಕೊಂಬೆ, ಕೆರೆ, ಅಳಿವೆ ಎಲ್ಲಕ್ಕೂ ಒಂದೇ ಮೂಲದಿಂದ ಗಿಡಗಳು ಹರಡಿದ್ದನ್ನು ಕಣ್ಣಳತೆಯ ವರ್ಗೀಕರಣ ಎಂದೂ ಹೇಳಿಕೊಡುತ್ತಿರಲಿಲ್ಲ.

ತದ್ವಿರುದ್ಧವಾದ ಮೋಸವೂ ಇದೆ. ಎಲೆಯ ಬೆನ್ನಿಗೆ ಬಿಳಿಹಿಟ್ಟು ಬಳಿದುಕೊಂಡ ಅಲ್ಯೂರಿಟಾಪ್ಟೆರಿಸ್ (ಹಳೆಯ ಹೆಸರು ಕೈಲಾಂಥಿಸ್ ಫಾರಿನೋಸ) ಒಣಗುಡ್ಡಗಳ ಗಿಡ. ಅಮೆರಿಕ ಮೂಲದಿಂದ ಬಂದು ಘಟ್ಟದ ರಸ್ತೆಬದಿಗಳಲ್ಲಿ ನೆಲೆಸಿದ ಪಿಟಿರೋಗ್ರಾಮಾಕ್ಕೂ ಅಂಥದೇ ಬಿಳಿಹಿಟ್ಟು. ಎಲೆಯನ್ನು ಅಂಗೈಗೆ ಒತ್ತಿದರೆ ಎರಡೂ ಅಚ್ಚು ಬಿಡುತ್ತವೆ. ಆದರೆ ಅಲ್ಯೂರಿಟಾಪ್ಟೆರಿಸ್ ಒಂದು ಉಪಕುಟುಂಬ, ಪಿಟಿರೋಗ್ರಾಮಾ ಇನ್ನೊಂದು. ಪಿಟಿರೋಗ್ರಾಮಾ ಇರುವುದು ಆಕ್ಟಿನಿಯೋಪ್ಟೆರಿಸ್ ಮತ್ತು ಟೆರಿಸ್ ಇರುವ ಉಪಕುಟುಂಬದಲ್ಲಿ.

ಈ ವಿವರ ಸುರಪುರ ತಾಲ್ಲೂಕಿಗೆ ಬೇರೊಂದು ಕಾರಣಕ್ಕೆ ಮುಖ್ಯ. ಮಂಗಳೂರು ಎಂಬ ಹಳ್ಳಿಯ ಸುತ್ತಲಿನ ಹಳೆಯ ಚಿನ್ನದ ಗಣಿಯ ಪಟ್ಟಿಯಲ್ಲಿ, ಕಿರದಳ್ಳಿ ತಾಂಡಾದಂಥ ನೆಲೆಗಳಲ್ಲಿ, ಅಂತರ್ಜಲಕ್ಕೆ ಆರ್ಸೆನಿಕ್ ಸೇರಿ ಜನರ ಚರ್ಮಕ್ಕೂ ಜೀವಕ್ಕೂ ಕುತ್ತು ತಂದದ್ದನ್ನು 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನ ದಾಖಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಚಿನ್ನದ ಅದಿರಿನೊಂದಿಗೆ ಆರ್ಸೆನಿಕ್ ಖನಿಜ ಇರುವುದು ಭೂವಿಜ್ಞಾನದಲ್ಲಿ ಸಾಮಾನ್ಯ ಸಂಗತಿ. ಇತ್ತ 2001ರಲ್ಲಿ ಅಮೆರಿಕದ ಫ್ಲಾರಿಡಾದ ಸಂಶೋಧಕರು ಟೆರಿಸ್ ವಿಟಾಟಾ ಎಂಬ ಜರೀಗಿಡ ಮಣ್ಣಿನ ಆರ್ಸೆನಿಕ್ ಅನ್ನು ಹೀರಿ ಎಲೆಗಳಲ್ಲಿ ಒಣತೂಕದ ಶೇಕಡಾ 2ಕ್ಕೂ ಮಿಕ್ಕಿ ಸಂಗ್ರಹಿಸಬಲ್ಲದು ಎಂದು ತೋರಿಸಿದರು. ಆ ಗಿಡ ಅಮೆರಿಕದ್ದಲ್ಲ, ನಮ್ಮ ಕಡೆಯದು. ಸುಣ್ಣದ ಗಚ್ಚಿನ ಹಳೆಯ ಗೋಡೆ, ಬಾವಿಯ ಕಟ್ಟೆ ಅದರ ಮೆಚ್ಚಿನ ಜಾಗ. ಮರುವರ್ಷ ಪಿಟಿರೋಗ್ರಾಮಾ ಕೂಡ ಅದೇ ಕೆಲಸ ಮಾಡುತ್ತದೆಂದು ಗೊತ್ತಾಯಿತು. ಟೆರಿಸ್ ಜಾತಿಯ ಇನ್ನೂ ಹಲವು ಪ್ರಭೇದಗಳು ಮಾಡುತ್ತವೆ, ಕೆಲವು ಮಾಡುವುದಿಲ್ಲ.

ಇದರ ಹಿಂದಿನ ಯಂತ್ರವೂ ವಂಶದ ಕತೆಯನ್ನೇ ಹೇಳುತ್ತದೆ. ಆರ್ಸೆನಿಕ್ ಅನ್ನು ಜೀವಕೋಶದ ಸಂಚಿಯೊಳಗೆ ತಳ್ಳಿ ಬೀಗ ಹಾಕುವ ಎಸಿಆರ್3 ಎಂಬ ಜೀನು ಪಾಚಿಸಸ್ಯಗಳಲ್ಲಿದೆ, ಸೆಲಾಜಿನೆಲ್ಲದಲ್ಲಿದೆ, ಜರೀಗಿಡಗಳಲ್ಲಿದೆ. ಹೂಬಿಡುವ ಗಿಡಗಳು ವಿಕಾಸದ ದಾರಿಯಲ್ಲಿ ಅದನ್ನು ಕಳೆದುಕೊಂಡವು. ಭತ್ತಕ್ಕೆ ಆ ರಕ್ಷಣೆ ಇಲ್ಲ, ಟೆರಿಸ್‌ಗೆ ಇದೆ. ಇಂಥ ಗುಣವಿರುವ ಗಿಡಗಳನ್ನು ಹುಡುಕಬೇಕಾದವರು ಕುರುಡಾಗಿ ಎಲ್ಲ ಗಿಡಗಳನ್ನೂ ಪರೀಕ್ಷಿಸಬೇಕಿಲ್ಲ. ವಂಶವೃಕ್ಷ ಕೈಯಲ್ಲಿದ್ದರೆ ಮೊದಲು ಯಾವ ಕೊಂಬೆ ನೋಡಬೇಕೆಂದು ತಿಳಿಯುತ್ತದೆ. ಅದೇ ಕೊಂಬೆಯ ಆಕ್ಟಿನಿಯೋಪ್ಟೆರಿಸ್ ಗಣಿಪಟ್ಟಿಯ ಬಂಡೆಗಳಲ್ಲಿ ಬೆಳೆದಾಗ ಅದರ ಎಲೆಯಲ್ಲಿ ಏನಿರುತ್ತದೆ ಎಂಬುದು ಯಾದಗಿರಿ ಜಿಲ್ಲೆಯ ಪ್ರಯೋಗಾಲಯವೊಂದು ಎತ್ತಿಕೊಳ್ಳಲು ಯೋಗ್ಯವಾದ ಪ್ರಶ್ನೆ. ಹಾಗೆಂದು ಜರೀಗಿಡ ನೆಟ್ಟರೆ ಕುಡಿಯುವ ನೀರು ಶುದ್ಧವಾಗುತ್ತದೆಂದು ಯಾರೂ ಭಾವಿಸಬಾರದು. ಆ ಊರುಗಳಿಗೆ ಮೊದಲು ಬೇಕಾದದ್ದು ಬೇರೆ ಮೂಲದ ಸುರಕ್ಷಿತ ನೀರು.

ತಪ್ಪು ಗುರುತಿನ ನಷ್ಟಕ್ಕೂ ಉದಾಹರಣೆ ಇದೆ. ಸಾಲ್ವೀನಿಯಾ ಎಂಬ ತೇಲುವ ಜರೀಗಿಡ ಇಪ್ಪತ್ತನೆಯ ಶತಮಾನದಲ್ಲಿ ಶ್ರೀಲಂಕಾ, ಕೇರಳ, ಆಫ್ರಿಕಾಗಳ ಜಲಾಶಯಗಳನ್ನು ಮುಚ್ಚಿಹಾಕಿತು. ಅದನ್ನು ಸಾಲ್ವೀನಿಯಾ ಆರಿಕ್ಯುಲೇಟಾ ಎಂದು ಗುರುತಿಸಿ, ಆ ಪ್ರಭೇದದ ತವರಿಗೆ ಹೋಗಿ ಅದನ್ನು ತಿನ್ನುವ ಹುಳುಗಳನ್ನು ತಂದು ಬಿಟ್ಟರು. ಹುಳುಗಳು ಕೆಲಸ ಮಾಡಲಿಲ್ಲ. 1972ರಲ್ಲಿ ಮಿಚೆಲ್ ಅದು ಬೇರೆಯೇ ಪ್ರಭೇದವೆಂದು ತೋರಿಸಿ ಸಾಲ್ವೀನಿಯಾ ಮೊಲೆಸ್ಟಾ ಎಂದು ಹೆಸರಿಟ್ಟರು. 1978ರಲ್ಲಿ ಅದರ ನಿಜವಾದ ತವರು ಆಗ್ನೇಯ ಬ್ರೆಜಿಲ್‌ನಲ್ಲಿ ಸಿಕ್ಕಿತು. ಅಲ್ಲಿಂದ ತಂದು 1980ರಲ್ಲಿ ಬಿಟ್ಟ ಸೊಂಡಿಲುಹುಳು ಆಸ್ಟ್ರೇಲಿಯಾದ ಮೂಂಡಾರಾ ಸರೋವರವನ್ನು ಬಿಡಿಸಿತು. ಆ ಹುಳುವನ್ನೂ ಮೊದಲು ಹಳೆಯ ಪ್ರಭೇದವೆಂದೇ ಎಣಿಸಿದ್ದರು. ಅದೂ ಹೊಸ ಪ್ರಭೇದವೆಂದು 1985ರಲ್ಲಿ ಗೊತ್ತಾಯಿತು. ಭಾರತದಲ್ಲಿ ಈ ಹುಳುವನ್ನು ಬಿಟ್ಟು ನೋಡಿದ ಮೊದಲ ಜಾಗಗಳಲ್ಲಿ ಬೆಂಗಳೂರಿನ ಒಂದು ತಾವರೆಕೊಳವೂ ಸೇರಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ 1980ರ ದಶಕದಲ್ಲಿ ನಡೆಸಿದ ಆ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಕೊಳ ತಿಳಿಯಾಯಿತು. ಎರಡು ಬಾರಿ ಹೆಸರು ತಿದ್ದಿದ ಮೇಲೆಯೇ ನೀರು ಕಂಡದ್ದು.

ಸಾಲ್ವೀನಿಯಾದ ಬಂಧುಗಳೂ ಕಾಲುವೆ ಸೀಮೆಗೆ ಅಪರಿಚಿತರಲ್ಲ. ಭತ್ತದ ಗದ್ದೆಯಲ್ಲಿ ನಾಲ್ಕೆಲೆಯ ಕಳೆಯಾಗಿ ಬೆಳೆಯುವ ಮಾರ್ಸೀಲಿಯಾ, ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ದನದ ಮೇವಿಗಾಗಿ ರೈತರು ಬೆಳೆಸುವ ಅಜೋಲಾ, ಸಾಲ್ವೀನಿಯಾ ಸೇರಿ ಈ ಮೂರೂ ಒಂದೇ ಗಣ. ಮೂರಕ್ಕೂ ನೋಟದಲ್ಲಿ ಏನೂ ಹೊಂದಿಕೆಯಿಲ್ಲ. ಆದರೆ ಮೂರರಲ್ಲೂ ಗಂಡು ಬೀಜಕ ಚಿಕ್ಕದು, ಹೆಣ್ಣು ಬೀಜಕ ದೊಡ್ಡದು. ಉಳಿದ ಜರೀಗಿಡಗಳಲ್ಲಿ ಈ ಭೇದ ಇಲ್ಲವೆಂದೇ ಹೇಳಬೇಕು. ಡಿಎನ್‌ಎ ಆ ಸೂಕ್ಷ್ಮ ಲಕ್ಷಣದ ಪರವಾಗಿಯೇ ಸಾಕ್ಷಿ ನುಡಿಯಿತು. ಇವುಗಳ ಪ್ರಾಚೀನತೆಗೆ ದಖ್ಖನ್ನಿನಲ್ಲೇ ದಾಖಲೆಯಿದೆ. ಸುಮಾರು 6.6 ಕೋಟಿ ವರ್ಷ ಹಿಂದೆ ಲಾವಾ ಹರಿವುಗಳ ನಡುವಣ ಬಿಡುವಿನಲ್ಲಿ ಕೆರೆಗಳು ತುಂಬುತ್ತಿದ್ದವು. ಅಂಥ ಕೆರೆಹೂಳು ಕಲ್ಲಾದ ಪದರಗಳು ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯೂ ಇವೆ. ಮಧ್ಯಪ್ರದೇಶದ ಸೌಸರ್‌ನ ಅಂಥದೇ ಪದರದಿಂದ 1943ರಲ್ಲಿ ಬೀರಬಲ್ ಸಾಹ್ನಿ ಮತ್ತು ಎಚ್.ಎಸ್. ರಾವ್ ಪಳೆಯುಳಿಕೆಯ ಅಜೋಲಾವನ್ನು ವರ್ಣಿಸಿದರು.

ಕಾಲದ ಈ ಲೆಕ್ಕ ಇನ್ನೊಂದು ತಪ್ಪುಗ್ರಹಿಕೆಯನ್ನು ತೊಡೆಯುತ್ತದೆ. ಜರೀಗಿಡಗಳು ಡೈನೋಸಾರ್‌ಗಳಿಗಿಂತ ಹಿಂದಿನವು, ಈಗ ಉಳಿದಿರುವುದು ಆ ಕಾಲದ ಪಳೆಯುಳಿಕೆ ಎಂಬ ಮಾತು ಪಾಠಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆತನ ಹಳೆಯದು ನಿಜ. ಆದರೆ 2004ರಲ್ಲಿ ಹರಾಲ್ಡ್ ಷ್ನೈಡರ್ ಮತ್ತು ಸಂಗಡಿಗರು ತೋರಿಸಿದಂತೆ, ಇಂದಿನ ಪ್ರಭೇದಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಹೊಂದಿರುವ ಪಾಲಿಪೋಡಿಯೇಲೀಸ್ ಗಣ ಕವಲೊಡೆದು ಹಬ್ಬಿದ್ದು ಹೂಬಿಡುವ ಮರಗಳ ಕಾಡು ಹರಡಿದ ಮೇಲೆ. ಆ ಕಾಡಿನ ಮಂದಬೆಳಕಿನಲ್ಲಿ ಬಾಳಲು ಅವಕ್ಕೆ ನೆರವಾದದ್ದು ನಿಯೋಕ್ರೋಮ್ ಎಂಬ ಬೆಳಕುಗ್ರಾಹಿಯೆಂದು ಊಹಿಸಿದ್ದಾರೆ. 2014ರ ಅಧ್ಯಯನದ ಪ್ರಕಾರ ಆ ಜೀನು ಹಿರಿಯರಿಂದ ಬಂದದ್ದೇ ಅಲ್ಲ. ಹಾರ್ನ್‌ವರ್ಟ್ ಎಂಬ ಪುಟ್ಟ ಪಾಚಿಸಸ್ಯದಿಂದ ಅಡ್ಡದಾರಿಯಲ್ಲಿ ದಾಟಿ ಬಂದದ್ದು. ವಂಶಾವಳಿಯ ಗೆರೆಗಳು ಕವಲೊಡೆಯುವುದು ಮಾತ್ರವಲ್ಲ, ಅಪರೂಪಕ್ಕೆ ಪಕ್ಕದ ಬಳ್ಳಿಯಿಂದಲೂ ಎರವಲು ತರುತ್ತವೆ.

2016ರಲ್ಲಿ ಜಗತ್ತಿನ 94 ತಜ್ಞರು ಸೇರಿ ಒಪ್ಪಿತ ವರ್ಗೀಕರಣವೊಂದನ್ನು ತಂದರು. ಅದರಂತೆ ಜರೀಗಿಡಗಳು 11 ಗಣ, 48 ಕುಟುಂಬ, 319 ಜಾತಿ, ಸುಮಾರು 10,578 ಪ್ರಭೇದ. ಲೈಕೋಪೋಡಿಯಂ ಬಳಗ ಪ್ರತ್ಯೇಕ, ಅದರಲ್ಲಿ 1,338 ಪ್ರಭೇದ. ಮೇಲಿನ ಅಂತಸ್ತುಗಳ ಮಟ್ಟಿಗೆ ಇಂದು ಜಗಳ ಬಹುಮಟ್ಟಿಗೆ ಮುಗಿದಿದೆ. ಮುಗಿಯದೆ ಉಳಿದಿರುವುದು ಒಣಬಂಡೆಯ ಕೈಲಾಂಥಿಸ್ ಬಳಗ. ಮುದುಡುವ ಎಲೆ, ಬೀಜಕಗಳ ಮೇಲೆ ಮಡಚಿದ ಎಲೆಯಂಚು, ಹಿಟ್ಟು, ರೋಮ, ಇವೆಲ್ಲ ಬರದ ಒತ್ತಡಕ್ಕೆ ಮತ್ತೆ ಮತ್ತೆ ಹುಟ್ಟಿದ ಲಕ್ಷಣಗಳು. ಅವನ್ನು ನಂಬಿ ಕಟ್ಟಿದ ಜಾತಿಗಳೆಲ್ಲ ಡಿಎನ್‌ಎ ಮುಂದೆ ಒಡೆದುಹೋದವು. ಹೃದಯಾಕಾರದ ಎಲೆಯ ನಮ್ಮ ಹೆಮಿಯೋನೈಟಿಸ್ ಅಮೆರಿಕದ ಹೆಮಿಯೋನೈಟಿಸ್‌ಗೆ ಸಂಬಂಧಿಸಿದ್ದಲ್ಲವೆಂದು ಜಿ. ಪಾಣಿಗ್ರಾಹಿ 1993ರಲ್ಲಿ ಅದಕ್ಕೆ ಪ್ಯಾರಾಹೆಮಿಯೋನೈಟಿಸ್ ಎಂಬ ಬೇರೆ ಜಾತಿ ಕಟ್ಟಿದರು. ಅವರು ಹೇಳಿದ್ದು ಸರಿಯೆಂದು ಡಿಎನ್‌ಎಯೂ ತೋರಿಸಿತು. 2018ರಲ್ಲಿ ಕೆಲವರು ಈ ಇಡೀ ಬಳಗವನ್ನೇ ಒಂದು ಬೃಹತ್ ಹೆಮಿಯೋನೈಟಿಸ್‌ನೊಳಗೆ ಸೇರಿಸಿಬಿಡೋಣ ಎಂದರು. ಹಾಗೆ ಸೇರಿಸುವುದರಿಂದ ತಪ್ಪೇನೂ ಆಗದಿದ್ದರೂ ತಿಳಿವೂ ಹೆಚ್ಚುವುದಿಲ್ಲ. ಒಳಗಿನ ಕವಲುಗಳು ಹೆಸರಿಲ್ಲದೆ ಉಳಿಯುತ್ತವೆ. ಏಷ್ಯಾದ ಒಣನಾಡಿನ ಮಾದರಿಗಳು ಇನ್ನಷ್ಟು ಬಂದ ಮೇಲೆ ಸಣ್ಣ ಜಾತಿಗಳನ್ನೇ ಸರಿಯಾಗಿ ಗುರುತಿಸುವುದು ಲೇಸು.

ಆ ಮಾದರಿಗಳನ್ನು ಒದಗಿಸಲು ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜುಗಳಿಗೆ ದುಬಾರಿ ಯಂತ್ರಗಳು ಬೇಕಿಲ್ಲ. ಮೊದಲ ಹೆಜ್ಜೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಸಾಧ್ಯ. ಗಂಡು ಹೆಣ್ಣು ಕಣ ಕೂಡಿ ಬೆಳೆಯುವ ಜರೀಗಿಡದ ಒಂದು ಬೀಜಕಚೀಲದಲ್ಲಿ ಸಾಮಾನ್ಯವಾಗಿ 64 ಬೀಜಕಗಳಿರುತ್ತವೆ. ಒಣನಾಡಿನ ಹಲವು ಗಿಡಗಳು ಕೂಡುವಿಕೆಯನ್ನೇ ಬಿಟ್ಟಿವೆ. ಅವುಗಳ ಪ್ರೋಥಾಲಸ್‌ನಿಂದ, ಈಜಲು ನೀರಿನ ಪದರ ಬೇಡದೆ, ನೇರವಾಗಿ ಹೊಸ ಗಿಡ ಮೇಲೇಳುತ್ತದೆ. ಅಂಥ ಗಿಡದ ಚೀಲದಲ್ಲಿ 32 ದೊಡ್ಡ ಬೀಜಕಗಳು. ಅಲ್ಯೂರಿಟಾಪ್ಟೆರಿಸ್‌ನಲ್ಲಿ ಎರಡೂ ಬಗೆ ಇವೆ. ಬಾವಿಗೋಡೆಯ ಆಡಿಯಾಂಟಮ್‌ನಲ್ಲೂ ಕೂಡುವಿಕೆ ಬಿಟ್ಟ, ಮೂರು ಗಂಟು ವರ್ಣತಂತುಗಳ ಗಿಡಗಳು ಭಾರತದಲ್ಲಿ ದಾಖಲಾಗಿವೆ. ಐರೀನ್ ಮ್ಯಾಂಟನ್ ಅವರ 1950ರ ಗ್ರಂಥ ಹುಟ್ಟುಹಾಕಿದ ಈ ಬಗೆಯ ಎಣಿಕೆ ಮಳೆಗಾಲದ ಮೂರು ತಿಂಗಳಲ್ಲಿ ನಡೆಯಬಹುದಾದ ಕೆಲಸ. ಯಾವ ಗುಡ್ಡ, ಯಾವ ಕಲ್ಲು, ಕಣಶಿಲೆಯೋ ಸುಣ್ಣಕಲ್ಲೋ, ಬಿಸಿಲಿನ ಮುಖವೋ ನೆರಳಿನದೋ ಎಂದು ಬರೆದಿಟ್ಟು, ಒಣಹಾಳೆಯ ಮಾದರಿಯ ಜೊತೆಗೆ ಸಿಲಿಕಾ ಕಣಗಳಲ್ಲಿ ಒಣಗಿಸಿದ ಎಲೆಯ ಒಂದು ತುಣುಕನ್ನೂ ಇಟ್ಟರೆ, ಡಿಎನ್‌ಎ ಓದುವ ಯಾವ ಪ್ರಯೋಗಾಲಯವೂ ಅದನ್ನು ಮುಂದೆ ಬಳಸಿಕೊಳ್ಳಬಹುದು. ಯಾವ ಗುಡ್ಡದಲ್ಲಿ 64ರ ಗಿಡ, ಯಾವುದರಲ್ಲಿ 32ರ ಗಿಡ ಎಂಬ ನಕ್ಷೆಯೊಂದು ಸುರಪುರ ಸೀಮೆಯಿಂದ ಹೊರಟರೆ ಕೈಲಾಂಥಿಸ್ ಬಳಗದ ವಾದದಲ್ಲಿ ಎರಡೂ ಪಕ್ಷದವರು ಅದನ್ನು ಓದಲೇಬೇಕಾಗುತ್ತದೆ.